ಕ್ಷಮೆ ದೊರೆತ ಮೇಲೂ ಉಳಿಯುವ ಋಣ

ಪ್ರಶ್ನೆ: ನಾನು ಕ್ರೈಸ್ತನಲ್ಲ, ಪಕ್ಕದ ಮನೆಯವರು ತರಿಸುವ ನಿಮ್ಮ ಪತ್ರಿಕೆಯನ್ನು ಆಗಾಗ ಓದುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ನನ್ನೊಡನೆ ಪಾಲುದಾರಿಕೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದವರು ಲೆಕ್ಕದಲ್ಲಿ ಮೋಸಮಾಡಿ ನನ್ನ ಬಂಡವಾಳವನ್ನೆಲ್ಲ ನುಂಗಿಹಾಕಿದರು. ಈಚೆಗೆ ಅವರು ಒಂದು ಪ್ರಾರ್ಥನಾಕೂಟಕ್ಕೆ ಸೇರಿಕೊಂಡು, ‘ಯೇಸುವಿನ ರಕ್ತ ನನ್ನ ಪಾಪಗಳನ್ನೆಲ್ಲ ತೊಳೆಯಿತು’ ಎಂದು ಎಲ್ಲರ ಮುಂದೆ ಸಾಕ್ಷಿ ಹೇಳುತ್ತಿದ್ದಾರೆ. ನನಗೆ ಒಂದು ರೂಪಾಯಿ ಹಿಂದಿರುಗಿ ಬಂದಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ಅವರನ್ನು ಕ್ಷಮಿಸುವ ಅಧಿಕಾರ ನಿಮ್ಮ ದೇವರಿಗೆ ಎಲ್ಲಿಂದ ಬಂತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾನ್ಯರೇ, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಆದದ್ದು ನಾಚಿಕೆ. ಈ ಪ್ರಶ್ನೆಯನ್ನು ಮೋಸಹೋದ ನೀವು ಹೊರಗೆ ನಿಂತು ಕೇಳುವ ಮೊದಲೇ, ಆ ಸಾಕ್ಷಿಗೆ ‘ಆಮೆನ್’ ಎಂದವರು ಒಳಗೆ ಕುಳಿತು ಕೇಳಬೇಕಾಗಿತ್ತು. ಅವರ ಅಂತರಂಗದಲ್ಲಿ ಏನು ನಡೆದಿದೆಯೆಂದು ತೀರ್ಪು ಕೊಡಲು ನಾನು ಅರ್ಹನಲ್ಲ. ಆದರೆ ಕ್ರೈಸ್ತ ಬೋಧನೆ ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಅನುಮಾನವಿಲ್ಲದೆ ಹೇಳಬಲ್ಲೆ.

ಮೊದಲು ಅಧಿಕಾರದ ಮಾತು. ಬೈಬಲಿನ ಯಾಜಕಕಾಂಡದ 6ನೆಯ ಅಧ್ಯಾಯವನ್ನು ನಿಮ್ಮ ಪ್ರಸಂಗವನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಂತಿದೆ. ನಂಬಿ ಒಪ್ಪಿಸಿದ ಸೊತ್ತಿನ ವಿಷಯದಲ್ಲಿ ನೆರೆಯವನಿಗೆ ಸುಳ್ಳು ಹೇಳಿ ಲಾಭ ಮಾಡಿಕೊಂಡವನು ದೇವರಿಗೇ ದ್ರೋಹ ಮಾಡಿದವನೆಂದು ಅಲ್ಲಿ ಹೇಳಲಾಗಿದೆ. ನಿಮಗಾದ ಅನ್ಯಾಯದಲ್ಲಿ ದೇವರು ಹೊರಗಿನವನಾಗಿ ಉಳಿಯಲಿಲ್ಲ. ಅದು ತನಗೇ ಆದ ದ್ರೋಹವೆಂದು ಎಣಿಸಿಕೊಂಡನು. ಆತನ ಅಧಿಕಾರ ಹುಟ್ಟುವುದು ಅಲ್ಲಿಂದ: ತನ್ನ ವಿರುದ್ಧ ನಡೆದದ್ದನ್ನು ಆತ ಕ್ಷಮಿಸುತ್ತಾನೆ. ಆದರೆ ನಿಮಗೆ ಬರಬೇಕಾದದ್ದನ್ನು ನಿಮ್ಮ ಬೆನ್ನ ಹಿಂದೆ ಮನ್ನಾ ಮಾಡಿಬಿಡುವುದಿಲ್ಲ. ಅದೇ ಅಧ್ಯಾಯದ ವಿಧಿಯ ಪ್ರಕಾರ, ತಪ್ಪಿತಸ್ಥನು ಅಸಲಿನ ಜೊತೆಗೆ ಅದರ ಐದರಲ್ಲೊಂದು ಪಾಲನ್ನು ಸೇರಿಸಿ, ಪ್ರಾಯಶ್ಚಿತ್ತಯಜ್ಞಕ್ಕೆ ಟಗರನ್ನು ತರುವ ದಿನದಲ್ಲೇ ಸೊತ್ತಿನ ಒಡೆಯನಿಗೆ ತಲುಪಿಸಬೇಕು. ಟಗರನ್ನು ಮಾತ್ರ ಹೊಡೆದುಕೊಂಡು ಬಂದು ಹಣವನ್ನು ಮನೆಯಲ್ಲೇ ಬಚ್ಚಿಟ್ಟವನಿಗೆ ಆ ವಿಧಿಯಲ್ಲಿ ಜಾಗವಿಲ್ಲ.

ಇದಕ್ಕೆ ಎದುರಾಗಿ 51ನೆಯ ಕೀರ್ತನೆಯನ್ನು ತೋರಿಸುವವರುಂಟು. ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡು, ಆಕೆಯ ಗಂಡ ಊರೀಯನು ಯುದ್ಧದಲ್ಲಿ ಸಾಯುವಂತೆ ಏರ್ಪಡಿಸಿದ ರಾಜ ದಾವೀದನ ಹೆಸರಿನಲ್ಲಿರುವ ಆ ಕೀರ್ತನೆ, ತಾನು ತಪ್ಪುಮಾಡಿದ್ದು ದೇವರಿಗೆ, ದೇವರೊಬ್ಬನಿಗೇ ಎನ್ನುತ್ತದೆ. ಹಾಗಾದರೆ ಊರೀಯ ಎಲ್ಲಿ ಹೋದ? ಆ ಒಂದು ವಚನವನ್ನು ಒಂಟಿಯಾಗಿ ಕಿತ್ತು ಓದುವುದು ಸತ್ತವನನ್ನು ಮತ್ತೊಮ್ಮೆ ಕೊಂದಂತೆ ಎಂದು ನನಗೆ ತೋರುತ್ತದೆ. ಇಡೀ ಕೀರ್ತನೆಯನ್ನು ಓದಿದರೆ ಚಿತ್ರ ಬದಲಾಗುತ್ತದೆ. ನಾವು ‘ಪಾಪ’, ‘ದೋಷ’, ‘ದ್ರೋಹ’ ಎನ್ನುವುದಕ್ಕೆ ಅದರ ಹೀಬ್ರೂ ಮೂಲದಲ್ಲಿ ಮೂರು ಪದಗಳು ಒಟ್ಟಿಗೆ ಬರುತ್ತವೆ: ಒಂದರ ಅರ್ಥ ಗುರಿ ತಪ್ಪುವುದು, ಇನ್ನೊಂದರದು ಸೊಟ್ಟಗಾಗುವುದು, ಮತ್ತೊಂದರದು ಒಡೆಯನ ವಿರುದ್ಧ ತಿರುಗಿಬೀಳುವುದು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಕೂದಲೆಳೆಗೂ ಗುರಿ ತಪ್ಪದೆ ಕವಣೆ ಬೀಸುತ್ತಿದ್ದ 700 ಮಂದಿ ಎಡಚರ ಪ್ರಸ್ತಾಪವಿದೆ. ಅಲ್ಲಿ ‘ತಪ್ಪದೆ’ ಎನ್ನಲು ಬಳಸಿರುವುದು ಈ ಮೊದಲನೆಯ ಕ್ರಿಯಾಪದವನ್ನೇ. ಈ ಮೂರೂ ಮಾತುಗಳು ಮನುಷ್ಯ ಯಾವ ಕಡೆಗೆ ಮುಖಮಾಡಿ ನಿಂತಿದ್ದಾನೆ ಎಂಬುದನ್ನು ಹೇಳುತ್ತವೆಯೇ ಹೊರತು, ಅವನ ಖಾತೆಯಲ್ಲಿ ಎಷ್ಟು ಕಳೆದಿದೆ, ಎಷ್ಟು ಕೂಡಿದೆ ಎಂಬುದನ್ನಲ್ಲ.

ಕನ್ನಡದಲ್ಲಿ ಈ ವಿಷಯ ಮಾತಾಡುವಾಗ ಒಂದು ತೊಡಕು ಬಂದೇ ಬರುತ್ತದೆ. ಬೈಬಲನ್ನು ಕನ್ನಡಕ್ಕೆ ತಂದವರು ಇಲ್ಲಿ ಬಳಕೆಯಲ್ಲಿದ್ದ ‘ಪಾಪ’ ಎಂಬ ಪದವನ್ನೇ ಆರಿಸಿಕೊಂಡರು. ಆದರೆ ನಮ್ಮ ನುಡಿಯಲ್ಲಿ ಆ ಪದ ಒಂಟಿಯಾಗಿ ಬರುವುದಿಲ್ಲ, ‘ಪುಣ್ಯ’ವನ್ನು ಜೊತೆಗೆ ಕರೆತರುತ್ತದೆ. ಪಾಪ-ಪುಣ್ಯ ಎಂದೊಡನೆ ತಕ್ಕಡಿ ಕಣ್ಣಮುಂದೆ ಬರುತ್ತದೆ: ಒಂದು ತಟ್ಟೆ ಭಾರವಾದರೆ ಇನ್ನೊಂದಕ್ಕೆ ಸ್ವಲ್ಪ ಸೇರಿಸಿದರಾಯಿತು. ಯೇಸುವಿನ ಪ್ರೇಷಿತನಾದ ಪೌಲನು ಸಭೆಗಳಿಗೆ ಬರೆದ, ಬೈಬಲಿನಲ್ಲಿರುವ ಪತ್ರಗಳಲ್ಲಿ ಪಾಪಕ್ಕೆ ಎದುರಾಗಿ ನಿಲ್ಲುವುದು ಪುಣ್ಯವಲ್ಲ, ಕೃಪೆ. ಮನುಷ್ಯ ಗಳಿಸದೆ, ಗಳಿಸಲಾಗದೆ, ದೇವರಿಂದ ಪಡೆಯುವ ದಾನ. ನಿಮ್ಮ ಪಾಲುದಾರರು ತಕ್ಕಡಿಯ ಲೆಕ್ಕವನ್ನು ಬಿಟ್ಟಿಲ್ಲವೆಂದು ನನ್ನ ಅನುಮಾನ. ಯೇಸುವಿನ ರಕ್ತವನ್ನು ಒಂದು ದೊಡ್ಡ ಜಮೆಯೆಂದು ಬರೆದುಕೊಂಡು, ನಿಮ್ಮ ಬಾಕಿಯನ್ನು ಅದರಲ್ಲಿ ವಜಾ ಮಾಡಿಕೊಂಡಿರಬಹುದು.

ಯೇಸುಸ್ವಾಮಿಯ ಬೋಧನೆ ಹಾಗಿಲ್ಲ. ಯಜ್ಞವೇದಿಯ ಹತ್ತಿರಕ್ಕೆ ಕಾಣಿಕೆ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗು ಎಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಆತನು ಹೇಳುತ್ತಾನೆ. ಆ ಮಾತನ್ನು ಕೇಳುತ್ತಿದ್ದವರು ಗಲಿಲಾಯದವರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದರೆ ಸುಮಾರು ಮೂರು ದಿನದ ದಾರಿ. ಅಷ್ಟು ದೂರ ಬಂದವನು ಕಾಣಿಕೆಯನ್ನು ಬಿಟ್ಟು ಊರಿಗೆ ಹೋಗಿ ಮತ್ತೆ ಬರಬೇಕು. ಇದು ಯೇಸು ಹೊಸದಾಗಿ ಕಲ್ಪಿಸಿದ್ದೂ ಅಲ್ಲ. ದೋಷಪರಿಹಾರದ ಮಹಾದಿನವೂ ನೆರೆಯವನಿಗೆ ಮಾಡಿದ ತಪ್ಪನ್ನು, ಅವನನ್ನು ಸಮಾಧಾನಪಡಿಸುವವರೆಗೆ ಕಳೆಯದು ಎಂದು ಯೆಹೂದ್ಯರ ಮಿಷ್ನಾ ಎಂಬ ಧರ್ಮನಿಯಮಗಳ ಸಂಗ್ರಹದಲ್ಲಿಯೂ ಇದೆ.

ಜಕ್ಕಾಯನ ವೃತ್ತಾಂತ ನಿಮಗೆ ಉಪಯುಕ್ತವಾದೀತು. ಆತ ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಸುಲಿದು ಹಣ ಮಾಡಿದವನೆಂದು ಜನ ಹಗೆ ಸಾಧಿಸುತ್ತಿದ್ದ ಮನುಷ್ಯ. ತನ್ನನ್ನು ನೋಡಲು ಮರ ಹತ್ತಿದ್ದ ಅವನನ್ನು ಯೇಸು ಕೆಳಗಿಳಿಸಿ, ‘ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದಾಗ ಜಕ್ಕಾಯ ಇನ್ನೂ ಏನನ್ನೂ ಒಪ್ಪಿಕೊಂಡಿರಲಿಲ್ಲ, ಏನನ್ನೂ ಕೊಟ್ಟಿರಲಿಲ್ಲ. ಕೃಪೆ ಮೊದಲು ಬಂತು. ಆದರೆ ಅದು ಮನೆಯೊಳಗೆ ಕಾಲಿಟ್ಟ ಕೂಡಲೇ ಅವನ ಹಣದ ಪೆಟ್ಟಿಗೆ ತೆರೆಯಿತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ತಾನಾಗಿ ಒಪ್ಪಿಕೊಂಡವನಿಗೆ ಯೆಹೂದ್ಯರ ಧರ್ಮಶಾಸ್ತ್ರ ವಿಧಿಸಿದ್ದು ಅಸಲು ಮತ್ತು ಐದರಲ್ಲೊಂದು ಪಾಲು ಮಾತ್ರ. ನಾಲ್ಕರಷ್ಟು ಎಂಬುದು ಕುರಿಯನ್ನು ಕದ್ದು ಕೊಂದವನಿಗೆ, ಮಾರಿದವನಿಗೆ ಹೇಳಿದ ದಂಡ. ಜಕ್ಕಾಯ ತನ್ನನ್ನು ಕಳ್ಳರ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ. ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಎಂದು ಯೇಸು ಹೇಳಿದ್ದು ಆ ಮಾತು ಅವನ ಬಾಯಿಂದ ಬಂದ ಮೇಲೆ.

ಕ್ರೈಸ್ತರು ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನೋವಿನ ಉದಾಹರಣೆಯೂ ಇದೆ. ದೇವರ ಕೃಪೆಯನ್ನು ಕುರಿತು ಇಂದಿಗೂ ದೇಶದೇಶಗಳಲ್ಲಿ ಹಾಡಲಾಗುವ ಇಂಗ್ಲಿಷ್ ಗೀತೆಯನ್ನು ಬರೆದ ಜಾನ್ ನ್ಯೂಟನ್, 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ದೇವರನ್ನು ಕೂಗಿಕೊಂಡ, ಬದುಕಿದ. ಅದಾದ ಮೇಲೂ 1754ರವರೆಗೆ ಆತ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿಯೇ ದುಡಿದ, ಕಪ್ತಾನನೂ ಆದ. ಆ ಕೆಲಸದಿಂದ ಹೊರಬಂದದ್ದು ಕೂಡ ಆರೋಗ್ಯ ಕೆಟ್ಟಿದ್ದರಿಂದ. 1764ರಲ್ಲಿ ಪಾದ್ರಿಯಾದ. ಗುಲಾಮರ ವ್ಯಾಪಾರದಲ್ಲಿ ತಾನು ಕಂಡದ್ದನ್ನು, ಮಾಡಿದ್ದನ್ನು ಲೋಕದ ಮುಂದೆ ಒಪ್ಪಿಕೊಂಡು ಬರೆದದ್ದು 1788ರಲ್ಲಿ, ಬಿರುಗಾಳಿ ಕಳೆದು 40 ವರ್ಷಗಳಾದ ಮೇಲೆ. ಬ್ರಿಟನ್ 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸುವುದಕ್ಕೆ ಕಾರಣವಾದ ಹೋರಾಟಕ್ಕೆ ಆತನ ಸಾಕ್ಷ್ಯ ಬಲ ಕೊಟ್ಟಿತು. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೂ ಆತನ ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಬಿದ್ದಿದ್ದವರ ಬದುಕು ಹಿಂದಿರುಗಿ ಬರಲಿಲ್ಲ. ಆ ಗೀತೆಯನ್ನು ಹಾಡುವಾಗಲೆಲ್ಲ ನನಗೆ ಆ 40 ವರ್ಷಗಳು ನೆನಪಾಗುತ್ತವೆ.

ಆದ್ದರಿಂದ, ಮಾನ್ಯರೇ, ನಿಮ್ಮ ಹಕ್ಕು ನಿಮ್ಮದೇ. ‘ದೇವರೇ ಕ್ಷಮಿಸಿದ ಮೇಲೆ ನೀವು ಕ್ಷಮಿಸಬಾರದೇ’ ಎಂದು ಯಾರಾದರೂ ನಿಮ್ಮನ್ನು ಒತ್ತಾಯಿಸಿದರೆ ಅದಕ್ಕೆ ಸುವಾರ್ತೆಯ ಬೆಂಬಲವಿಲ್ಲ. ನೀವು ಕಾನೂನಿನ ದಾರಿ ಹಿಡಿದರೆ ದೇವರ ಕ್ಷಮೆಗೆ ಅಡ್ಡಿಮಾಡಿದಂತೆಯೂ ಅಲ್ಲ. ಈ ಸಂಚಿಕೆಯನ್ನು ಅವರಿಗೆ ಓದಲು ಕೊಡುವುದಾದರೆ ನನ್ನ ಅಭ್ಯಂತರವಿಲ್ಲ.

ಪ್ರಶ್ನೆ: ಆದಾಮನು ಹಣ್ಣು ತಿಂದದ್ದಕ್ಕೆ ನನ್ನ ಆರು ತಿಂಗಳ ಮೊಮ್ಮಗಳು ಪಾಪಿಯಾಗುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುತ್ತದೆ ಎಂಬ ಗಾದೆಯನ್ನು ಇನ್ನು ಮೇಲೆ ಹೇಳಕೂಡದೆಂದು ಪ್ರವಾದಿಯಾದ ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಖಂಡಿತವಾಗಿ ಹೇಳಿದ್ದಾನೆ. ನಿಮ್ಮ ಮೊಮ್ಮಗಳು ಯಾರ ಅಪರಾಧಕ್ಕೂ ಅಪರಾಧಿಯಲ್ಲ.

ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಅಂಟಿದೆಯೆಂಬ ‘ಜನ್ಮಪಾಪ’ದ ಬೋಧನೆಗೆ ಗಟ್ಟಿಯಾದ ರೂಪ ಕೊಟ್ಟವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ (354–430). ಮನುಷ್ಯ ಮನಸ್ಸು ಮಾಡಿದರೆ ತನ್ನ ಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲನೆಂದು ಪೆಲಾಗಿಯಸ್ ಎಂಬ ಸನ್ಯಾಸಿ ಬೋಧಿಸಿದಾಗ, ಅಗಸ್ಟೀನ್ ಅದನ್ನು ಎದುರಿಸಿದ. 418ರಲ್ಲಿ ಕಾರ್ತೇಜ್‌ನಲ್ಲಿ ಸೇರಿದ ಬಿಷಪರ ಸಭೆ ಅಗಸ್ಟೀನನ ಪಕ್ಷವನ್ನು ಎತ್ತಿಹಿಡಿಯಿತು. ಆದರೆ ಆತ ಓದಿದ್ದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಲ್ಯಾಟಿನ್ ಅನುವಾದವನ್ನು. 5ನೆಯ ಅಧ್ಯಾಯದ 12ನೆಯ ವಚನದಲ್ಲಿ ಗ್ರೀಕ್ ಮೂಲವನ್ನು ‘ಎಲ್ಲರೂ ಪಾಪಮಾಡಿದ್ದರಿಂದ’ ಎಂದು ಅರ್ಥಮಾಡುವುದು ಸಹಜ. ಲ್ಯಾಟಿನ್‌ನಲ್ಲಿ ಅದು ‘ಅವನಲ್ಲಿ (ಆದಾಮನಲ್ಲಿ) ಎಲ್ಲರೂ ಪಾಪಮಾಡಿದರು’ ಎಂದು ಓದಿಸಿಕೊಂಡಿತು. ಗ್ರೀಕ್ ಓದುತ್ತಿದ್ದ ಪೂರ್ವದ ಸಭೆಗಳು ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದೌರ್ಬಲ್ಯ ಎಂದವು. ಅವನ ಅಪರಾಧ ಬಂತು ಎನ್ನಲಿಲ್ಲ. ಕಥೋಲಿಕ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವೂ ಜನ್ಮಪಾಪವು ಆದಾಮನ ಸಂತತಿಯವರಲ್ಲಿ ಯಾರದೇ ಸ್ವಂತ ತಪ್ಪಿನ ರೂಪದಲ್ಲಿಲ್ಲವೆಂದು ಸ್ಪಷ್ಟಪಡಿಸಿದೆ.

ಹಾಗಿದ್ದರೂ ಅಗಸ್ಟೀನನ ಮಾತಿನಲ್ಲಿ ಕಣ್ಣಿಗೆ ಕಾಣುವ ಒಂದು ಸತ್ಯ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹೋಟೆಲಿನ ಹೊರಗೆ ಬೇರೆ ಲೋಟ ಇಡುವುದನ್ನು ನೋಡುತ್ತ ಬೆಳೆದ ಮಗು, ಅದು ತಪ್ಪೋ ಸರಿಯೋ ಎಂದು ಯೋಚಿಸುವ ವಯಸ್ಸಿಗೆ ಬರುವ ಮೊದಲೇ ಯಾರಿಗೆ ಯಾವ ಲೋಟವೆಂದು ಕಲಿತುಬಿಟ್ಟಿರುತ್ತದೆ. ಜಾತಿಯನ್ನು ಆ ಮಗು ಹುಟ್ಟುಹಾಕಲಿಲ್ಲ. ಆದರೆ ಅದರ ಗಾಳಿಯನ್ನೇ ಉಸಿರಾಡುತ್ತದೆ. ಶಿಲುಬೆಯನ್ನು ಗೋಡೆಗೆ ತೂಗುಹಾಕಿದ ಮನೆಗಳಲ್ಲಿಯೂ, ನಮ್ಮ ಸಭೆಗಳಲ್ಲಿಯೂ, ಮದುವೆಯ ಮಾತು ಬಂದಾಗ ಆ ಗಾಳಿ ಬೀಸುವುದನ್ನು ಬಲ್ಲೆವು. ನಮಗಿಂತ ಹಳೆಯದಾದ, ನಮ್ಮನ್ನು ಹುಟ್ಟುವಾಗಲೇ ಸುತ್ತಿಕೊಳ್ಳುವ, ಆಮೇಲೆ ನಾವೇ ಒಪ್ಪಿ ಮುಂದುವರಿಸುವ ಇಂಥ ಕೇಡನ್ನು ಜನ್ಮಪಾಪವೆನ್ನುವುದು ನನಗೆ ಸರಿಯೆನಿಸುತ್ತದೆ. ‘ಪಾಪ’ ಎಂಬ ಒಂದೇ ಪದವನ್ನು ನಾವು ತಪ್ಪಿಗೂ ಬಳಸುತ್ತೇವೆ, ಕೂಸು ಬಿದ್ದಾಗ ಮರುಕದಿಂದಲೂ ಆಡುತ್ತೇವೆ. ನಿಮ್ಮ ಮೊಮ್ಮಗಳನ್ನು ದೇವರು ನೋಡುವುದು ಈ ಎರಡನೆಯ ಅರ್ಥದಲ್ಲಿ.

ಪ್ರಶ್ನೆ: ನಾನು ಮೆಥೊಡಿಸ್ಟ್, ಮನೆಯಾಕೆ ಕಥೋಲಿಕರು. ರಕ್ಷಣೆ ನಂಬಿಕೆಯಿಂದಲೋ ಸತ್ಕ್ರಿಯೆಗಳಿಂದಲೋ ಎಂದು ಇಪ್ಪತ್ತು ವರ್ಷಗಳಿಂದ ವಾದಿಸುತ್ತಿದ್ದೇವೆ. ಯಾರು ಸರಿ?
– ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮಿಬ್ಬರ ಸಭೆಗಳೂ ಈ ವಾದದಲ್ಲಿ ಬಹಳ ಹತ್ತಿರ ಬಂದಿವೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ, ಮಾರ್ಟಿನ್ ಲೂಥರನನ್ನು ಅನುಸರಿಸುವ ಲೂಥರನರೂ ಸಹಿಮಾಡಿದ ಜಂಟಿ ಘೋಷಣೆಯು, ನಮ್ಮಲ್ಲಿರುವ ಯಾವ ಅರ್ಹತೆಯಿಂದಲೂ ಅಲ್ಲದೆ ಕೇವಲ ಕೃಪೆಯಿಂದ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಮತ್ತು ಪವಿತ್ರಾತ್ಮನನ್ನು ಕೊಟ್ಟು ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎನ್ನುತ್ತದೆ. ವಿಶ್ವ ಮೆಥೊಡಿಸ್ಟ್ ಮಂಡಳಿ 2006ರಲ್ಲಿ ಅದಕ್ಕೆ ತನ್ನ ಒಪ್ಪಿಗೆ ಸೇರಿಸಿತು. ಭಿನ್ನಾಭಿಪ್ರಾಯಗಳು ಮುಗಿದಿಲ್ಲ, ಮನೆಯಲ್ಲಿ ಜಗಳವಾಡುವಷ್ಟು ಉಳಿದಿಲ್ಲ.

ಪ್ರಶ್ನೆ: ನನ್ನ ತಾಯಿಗೆ 86 ವರ್ಷ, ಹಾಸಿಗೆ ಹಿಡಿದಿದ್ದಾರೆ. ಐವತ್ತು ವರ್ಷಗಳ ಹಿಂದೆ ತಮ್ಮ ಓರಗಿತ್ತಿ ನಂಬಿಕೊಟ್ಟಿದ್ದ ಎರಡು ಚಿನ್ನದ ಬಳೆಗಳನ್ನು, ಕೊಟ್ಟೇ ಇಲ್ಲವೆಂದು ಹೇಳಿ ಇಟ್ಟುಕೊಂಡರಂತೆ. ಆ ಚಿಕ್ಕಮ್ಮ ತೀರಿಹೋಗಿ ಬಹಳ ಕಾಲವಾಯಿತು. ‘ನನಗೆ ರಕ್ಷಣೆಯಿಲ್ಲ’ ಎಂದು ಅಮ್ಮ ರಾತ್ರಿಯೆಲ್ಲ ಅಳುತ್ತಾರೆ. ಏನು ಹೇಳಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ತಾಯಿಯವರಿಗೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ಭಾಗವನ್ನು ನಿಧಾನವಾಗಿ ಓದಿ ಹೇಳಿರಿ, ಲೂಕನ ಸುವಾರ್ತೆಯ 23ನೆಯ ಅಧ್ಯಾಯ. ಅವನ ಕೈಗಳು ಕಟ್ಟಿಹೋಗಿದ್ದವು. ಏನನ್ನೂ ಹಿಂದಿರುಗಿಸುವ, ಯಾರ ಮನೆಗೂ ಹೋಗುವ ಅವಕಾಶ ಉಳಿದಿರಲಿಲ್ಲ. ‘ನನ್ನನ್ನು ನೆನಸಿಕೋ’ ಎಂದಷ್ಟೇ ಕೇಳಿದ. ಯೇಸು ‘ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ’ ಎಂದನು. ಹಿಂದಿರುಗಿಸುವ ಶಕ್ತಿಯನ್ನು ನೋಡಿ ಕ್ಷಮೆ ಕೊಡುವುದಾಗಿದ್ದರೆ ಅವನಿಗೆ ಆ ಮಾತು ದೊರೆಯುತ್ತಿರಲಿಲ್ಲ. ‘ಅಷ್ಟೇನೂ ದೊಡ್ಡ ತಪ್ಪಲ್ಲ, ಬಿಡಮ್ಮ’ ಎಂದು ಮಾತ್ರ ಹೇಳಬೇಡಿರಿ. ಐವತ್ತು ವರ್ಷ ಹೊತ್ತದ್ದನ್ನು ಅವರು ಇಳಿಸುತ್ತಿದ್ದಾರೆ; ತಡೆಯದೆ ಕೇಳಿರಿ. ಸಭಾಪಾಲಕರನ್ನು ಮನೆಗೆ ಕರೆಸಿ, ಅವರಿಬ್ಬರನ್ನೇ ಮಾತಾಡಲು ಬಿಡಿರಿ.

ಇನ್ನು ಬಳೆಗಳು. ಅರಣ್ಯಕಾಂಡದ 5ನೆಯ ಅಧ್ಯಾಯದ ವಿಧಿಯೊಂದು, ಅನ್ಯಾಯಕ್ಕೆ ಒಳಗಾದವನ ಪರವಾಗಿ ಪಡೆದುಕೊಳ್ಳಲು ಹತ್ತಿರದ ಬಂಧು ಇಲ್ಲದಿದ್ದರೆ ಮಾತ್ರ ಹಿಂದಿರುಗಿಸುವ ಹಣ ಯಾಜಕನಿಗೆ ಸೇರಬೇಕೆನ್ನುತ್ತದೆ. ಬಂಧು ಇದ್ದರೆ ಅದು ಅವರಿಗೇ. ಚಿಕ್ಕಮ್ಮನವರಿಗೆ ಮಗನೋ ಮಗಳೋ ಇದ್ದರೆ ಆ ಬಳೆಗಳು ಅವರವು. ಮಾರಿಹೋಗಿದ್ದರೆ ಇಂದಿನ ಬೆಲೆಯಲ್ಲಿ ಲೆಕ್ಕಹಾಕಿರಿ. ನಿಮ್ಮ ಒಡಹುಟ್ಟಿದವರಿಗೂ ತಿಳಿಸಿರಿ, ಏಕೆಂದರೆ ತಾಯಿಯ ತರುವಾಯ ಈ ಬಾಕಿ ನಿಮ್ಮೆಲ್ಲರ ಮನೆಯಲ್ಲಿ ಉಳಿಯುತ್ತದೆ. ಸಾಧ್ಯವಾದರೆ ತಾಯಿಯವರ ಕೈಯಿಂದಲೇ ಕೊಡಿಸಿರಿ. ಚಿಕ್ಕಮ್ಮನ ಮಕ್ಕಳು ಮನೆಗೆ ಬರಲು ಒಪ್ಪದಿದ್ದರೆ ಬಲವಂತ ಮಾಡಬೇಡಿರಿ. ಬಳೆಗಳನ್ನು ನೀವೇ ಒಯ್ದು ಕೊಟ್ಟು, ಅವರು ಏನು ಹೇಳಿದರೂ ಕೇಳಿಸಿಕೊಂಡು ಬನ್ನಿರಿ.