ಕೊಡಗಿನಲ್ಲಿ ಸ್ಮಾರ್ಟ್ ಟೆಲಿಸ್ಕೋಪ್: 30 ಆ 50 ಆ ಅನ್ನುವ ಮೊದಲು

ಮಡಿಕೇರಿ ಹತ್ತಿರ ತೋಟದ ಮನೆ, ಕಪ್ಪು ಆಕಾಶ, ಫೋನಿನಿಂದ ನಡೆಸುವ ಸೀಸ್ಟಾರ್ ಟೆಲಿಸ್ಕೋಪಿನಲ್ಲಿ ಸಣ್ಣ ಎಸ್30 ಕೊಳ್ಳಲೋ ದೊಡ್ಡ ಎಸ್50 ಕೊಳ್ಳಲೋ, ಇಷ್ಟು ಮಳೆ ಬೀಳುವ ಊರಲ್ಲಿ ದುಡ್ಡು ದಂಡವಾಗುತ್ತದೋ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ 2023ರ ಡಿಸೆಂಬರಿನ ನಾನೇ ಎದುರು ಬಂದು ಕೂತ ಹಾಗಾಯಿತು. ನಮ್ಮದು ನಾಪೋಕ್ಲು ಕಡೆ, ರೊಬಸ್ಟಾ ಕಾಫಿ ತೋಟ. ಆಗ 30 ಇನ್ನೂ ಬಂದಿರಲಿಲ್ಲ, 50ನ್ನೇ ತರಿಸಿದೆ. ಯಾವ ಮಾದರಿ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ದೊಡ್ಡ ಪ್ರಶ್ನೆ ಅಲ್ಲವೇ ಅಲ್ಲ ಎಂದು ನನಗೆ ಗೊತ್ತಾದದ್ದು ಹೇಗೆ ಎಂದು ಮೊದಲು ಕೇಳಿ.

ಮೊದಲ ಚಳಿಗಾಲ ಚೆನ್ನಾಗಿತ್ತು. ಕುಯ್ಲಿನ ದಿನಗಳು. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ಕಣದಲ್ಲಿ ಖಾಲಿಯಾದ ಮೂಲೆಯಲ್ಲಿ ಟೆಲಿಸ್ಕೋಪ್ ಇಡುತ್ತಿದ್ದೆ. ಎರಡೂವರೆ ಕೆ.ಜಿ. ತೂಕ, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಫೋನಿನಲ್ಲಿ ಓರಿಯನ್ ನೆಬ್ಯುಲಾ (ಆಕಾಶದಲ್ಲಿ ಹೊಳೆಯುವ ಅನಿಲದ ಮೋಡ) ಎಂದು ಒತ್ತಿದರೆ ಅದೇ ತಿರುಗುತ್ತದೆ, ಒಂದು ಫೋಟೋ ತೆಗೆಯುತ್ತದೆ, ಅದರಲ್ಲಿ ಸಿಕ್ಕ ನಕ್ಷತ್ರಗಳನ್ನು ತನ್ನೊಳಗಿನ ನಕ್ಷೆಗೆ ಹೋಲಿಸಿ ತಾನು ಎಲ್ಲಿ ನೋಡುತ್ತಿದ್ದೇನೆ ಎಂದು ಕಂಡುಕೊಳ್ಳುತ್ತದೆ, ಮತ್ತೆ ಸ್ವಲ್ಪ ಸರಿಯುತ್ತದೆ. ಆಮೇಲೆ ಹತ್ತು ಹತ್ತು ಸೆಕೆಂಡಿನ ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಮೊದಲ ಚಿತ್ರದಲ್ಲಿ ಬರೀ ಕಾಳುಕಾಳು. ಹತ್ತು ನಿಮಿಷಕ್ಕೆ ಅನಿಲದ ರೆಕ್ಕೆಗಳು ಎದ್ದು ಬರುತ್ತವೆ. ಕಾಳು ಕಡಿಮೆಯಾಗುವುದಕ್ಕೆ ಲೆಕ್ಕ ಇದೆ: ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಹೊತ್ತು ಅದೇ ವಸ್ತುವಿನ ಮೇಲೆ ಕೂರಬೇಕು. ಅದಕ್ಕೇ ಒಂದು ರಾತ್ರಿಗೆ ಒಂದೋ ಎರಡೋ ಸಾಕು, ಹತ್ತು ಕಡೆ ಓಡಾಡಿಸಬೇಡಿ.

ಅಪ್ಪ ಕಂಬಳಿ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. “ಇದು ಈಗ ಅಲ್ಲಿರೋದಾ, ಇಲ್ಲಾ ಮೊದಲೇ ಯಾರೋ ತೆಗೆದಿಟ್ಟಿದ್ದಾ?” ಎಂದು ಕೇಳಿದರು. ನಾನು ಲೆನ್ಸಿನ ಮುಂದೆ ಅಂಗೈ ಅಡ್ಡ ಹಿಡಿದೆ. ಫೋನಿನಲ್ಲಿ ಪೇರಿಸಿದ ಚಿತ್ರಗಳ ಎಣಿಕೆ ನಿಂತಿತು. ಕೈ ತೆಗೆದೆ, ಮತ್ತೆ ಏರತೊಡಗಿತು. ಅವರಿಗೆ ಅಷ್ಟು ಸಾಕಾಯಿತು. ಆಮೇಲೆ ದಿನಾ ಸಂಜೆ ಅವರೇ ಕುರ್ಚಿ ಹೊರಗೆ ಹಾಕಿಸುತ್ತಿದ್ದರು.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಯಾವ ವಿಡಿಯೋದಲ್ಲೂ ಇದನ್ನು ನಮ್ಮಂಥ ಊರಿನವರಿಗೆಂದು ಯಾರೂ ಹೇಳಿರಲಿಲ್ಲ.

2024ರ ಮೇ ಎರಡನೇ ವಾರ. ಸಂಜೆ ಒಂದು ಮಳೆ ಹೊಡೆದು ನಿಂತಿತ್ತು. ರಾತ್ರಿ ಹತ್ತರ ಹೊತ್ತಿಗೆ ತೊಳೆದಿಟ್ಟ ಹಾಗೆ ಆಕಾಶ. ದಕ್ಷಿಣದಲ್ಲಿ ಒಮೆಗಾ ಸೆಂಟಾರಿ. ಒಂದು ಕೋಟಿಯಷ್ಟು ನಕ್ಷತ್ರಗಳ ಗುಚ್ಛ, 17 ಸಾವಿರ ಜ್ಯೋತಿರ್ವರ್ಷ ದೂರ. ಉತ್ತರ ಯುರೋಪಿನವರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಗೆ ಹತ್ತಿರ, ಹಾಗಾಗಿ ನಮಗೆ ಮೂವತ್ತು ಡಿಗ್ರಿ ಎತ್ತರಕ್ಕೆ ಬರುತ್ತದೆ, ಸಿಲ್ವರ್ ಓಕ್ ಮರದ ತುದಿಗಿಂತ ಮೇಲೆ. ನಲವತ್ತು ನಿಮಿಷ ಇಟ್ಟೆ. ಕಡುಬಿಗೆ ಒಡೆದ ಅಕ್ಕಿತರಿಯನ್ನು ಕಪ್ಪು ಬಟ್ಟೆಯ ಮೇಲೆ ಚೆಲ್ಲಿದ ಹಾಗೆ, ನಡುವೆ ರಾಶಿ, ಅಂಚಿನಲ್ಲಿ ಒಂದೊಂದೇ ಕಾಳು. ನಾನು ಇವತ್ತಿನವರೆಗೆ ತೆಗೆದದ್ದರಲ್ಲಿ ಅದೇ ಒಳ್ಳೆಯ ಚಿತ್ರ.

ಆ ರಾತ್ರಿ ಇಬ್ಬನಿ ವಿಪರೀತ. ಮೋಡವಿಲ್ಲದ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತಾ ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ನೆಲ ನೆನೆದಿದ್ದರೆ ಇನ್ನೂ ಹೆಚ್ಚು. ಟೆಲಿಸ್ಕೋಪಿನಲ್ಲಿ ಇಬ್ಬನಿ ತಡೆಯುವ ಹೀಟರ್ ಇದೆ, ಹಾಕಿದ್ದೆ. ಅದು ಮುಂದಿನ ಗಾಜನ್ನು ಮಾತ್ರ ಬೆಚ್ಚಗಿಡುತ್ತದೆ. ಚಿತ್ರ ಕೊನೆಯವರೆಗೂ ಸ್ವಚ್ಛವಾಗಿಯೇ ಬರುತ್ತಿದ್ದುದರಿಂದ ಎಲ್ಲ ಒಣಗಿಯೇ ಇದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೈಯೆಲ್ಲ ಹನಿ, ಸಂದಿಯಲ್ಲಿ ನೀರು ನಿಂತಿತ್ತು. ಅಂಗಿಯ ತೋಳಿನಲ್ಲಿ ಒಮ್ಮೆ ಒರೆಸಿದೆ. ಒಳಗೆ ಫೋಮ್ ಇರುವ ಪೆಟ್ಟಿಗೆಗೆ ಇಟ್ಟು, ಕಣದಲ್ಲೇ ಮುಚ್ಚಿ, ಮನೆಯೊಳಗೆ ತಂದು ಬೀರುವಿನ ಮೇಲೆ ಇಟ್ಟೆ.

ಹೊರಗೇ ಮುಚ್ಚಿ ಒಳಗೆ ತರಬೇಕು ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಒಣ ಚಳಿಯ ದೇಶಗಳಲ್ಲಿ ಅದು ಸರಿ. ಅಲ್ಲಿ ಉಪಕರಣ ಒಣಗಿರುತ್ತದೆ, ತಣ್ಣಗಿರುತ್ತದೆ. ಬೆಚ್ಚಗಿನ ಮನೆಯ ತೇವ ಅದರ ಮೇಲೆ ಕೂರದಿರಲಿ ಎಂದು ಮುಚ್ಚುತ್ತಾರೆ. ನನ್ನದು ಹೊರಗೇ ನೆನೆದಿತ್ತು. ನಾನು ಮುಚ್ಚಿದ್ದರಿಂದ ನೀರು ಒಳಗೇ ಉಳಿಯಿತು, ಫೋಮ್ ಅದನ್ನು ಹೀರಿಟ್ಟುಕೊಂಡಿತು. ಮರುದಿನ ಬೆಳಿಗ್ಗೆ ತೆರೆದು ಫ್ಯಾನಿನ ಕೆಳಗೆ ನಾಲ್ಕು ಗಂಟೆ ಇಟ್ಟಿದ್ದರೆ ಮುಗಿಯುತ್ತಿತ್ತು. ತೆರೆಯಲಿಲ್ಲ. ಮರುದಿನ ಮೋಡ, ಅದರ ಮರುದಿನ ಮಳೆ, ಇನ್ನೇನು ಮಳೆಗಾಲ ಬಂತಲ್ಲ, ಅಲ್ಲೇ ಇರಲಿ ಎಂದುಕೊಂಡೆ. ಜೂನ್, ಜುಲೈ, ಆಗಸ್ಟ್ ಹಾಗೇ ಕಳೆಯಿತು. ಚಪ್ಪಲಿ, ಬೆಲ್ಟು, ಗೋಡೆಯ ಕ್ಯಾಲೆಂಡರು, ಎಲ್ಲಕ್ಕೂ ಬೂಷ್ಟು ಬರುವ ತಿಂಗಳುಗಳು. ಅದನ್ನೆಲ್ಲ ಒರೆಸಿದೆವು. ಬೀರುವಿನ ಮೇಲಿನ ಪೆಟ್ಟಿಗೆ ಹೊರಗಿನಿಂದ ಚೊಕ್ಕವಾಗಿತ್ತು.

ನನಗೆ ಇವತ್ತಿಗೂ ಚುಚ್ಚುವುದು ಇದು: ಒದ್ದೆ ಮಾಲನ್ನು ಮೂಟೆ ಕಟ್ಟಬಾರದು ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಶೇಕಡಾ 11ರ ತೇವಕ್ಕೆ ಇಳಿಯುವವರೆಗೆ ಚೀಲಕ್ಕೆ ಹಾಕುವುದಿಲ್ಲ. ಮೀಟರ್ ಬರುವ ಮೊದಲು ಅಪ್ಪ ಒಂದು ಹಿಡಿ ಕಾಫಿ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಎಂದರೆ ಮಾತ್ರ ಮೂಟೆ. ಮೂವತ್ತು ವರ್ಷ ಆ ಕಣದ ಮೇಲೆ ಕೆಲಸ ಮಾಡಿದವನು ಅದೇ ಕಣದಲ್ಲಿ ನಿಂತು ನೆನೆದ ಟೆಲಿಸ್ಕೋಪನ್ನು ಮೂಟೆ ಕಟ್ಟಿದೆ. ವಿದ್ಯುತ್ತಿನ ಸಾಮಾನು ಎಂದು ಅದನ್ನು ಬೇರೆ ಲೋಕದ್ದೆಂದು ತಿಳಿದೆ. ಗಾಜಿಗೆ ಬೂಷ್ಟು ಹತ್ತುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂತು. 12ನೇ ತಾರೀಖು ಭೂಮಿಗೆ ಅತಿ ಹತ್ತಿರ, ಏಳು ಕೋಟಿ ಕಿಲೋಮೀಟರ್. ನಮ್ಮಲ್ಲಿ ದಿನಾ ಸಂಜೆ ಮೋಡ. ಕಾವೇರಿ ಸಂಕ್ರಮಣ ಕಳೆದು ಮೂರ್ನಾಲ್ಕು ದಿನಕ್ಕೆ ಒಂದು ಸಂಜೆ ಪಶ್ಚಿಮ ತೆರೆದುಕೊಂಡಿತು. ಕೆಳಗೆ ಶುಕ್ರ, ಅದರ ಮೇಲೆ ಬರಿಗಣ್ಣಿಗೆ ಸುಣ್ಣದ ಬೆರಳು ಎಳೆದಂತೆ ಮಸುಕು ಗೆರೆ. ಚಂದ್ರ ಹುಟ್ಟುವುದಕ್ಕೆ ಮುಂಚೆ ಒಂದು ಗಂಟೆ ಕತ್ತಲೆ ಸಿಗುತ್ತಿತ್ತು. ಮಗಳು ಓಡಿ ಹೋಗಿ ಪೆಟ್ಟಿಗೆ ತಂದಳು, ಅಪ್ಪನ ಕುರ್ಚಿ ಬಂತು.

ಫೋಕಸ್ ನಿಲ್ಲಲಿಲ್ಲ. ಯಂತ್ರ ಹಿಂದೆ ಮುಂದೆ ಹೋಗಿ ಹೋಗಿ ಸುಮ್ಮನಾಯಿತು. ಶುಕ್ರನ ಸುತ್ತ ಎಣ್ಣೆ ಬಳಿದಂತೆ ಬೆಳಕಿನ ಬಳೆ. ಧೂಮಕೇತು ಇರುವ ಕಡೆ ಬೂದು ಹೊಗೆ. ಮೋಡ ಇರಬೇಕು ಎಂದೆ. “ಇಲ್ಲ ಅಪ್ಪಾ, ಮೋಡ ಆಗಿದ್ರೆ ಓಡ್ತಿತ್ತು, ಇದು ನಿಂತಲ್ಲೇ ನಿಂತಿದೆ” ಎಂದಳು ಮಗಳು. ಟಾರ್ಚ್ ತಂದು ಲೆನ್ಸಿಗೆ ಓರೆಯಾಗಿ ಹಿಡಿದೆ. ಅಂಚಿನಿಂದ ನಡುವಿಗೆ ಬಿಳಿ ಎಳೆಗಳು, ಕವಲೊಡೆದು ಕವಲೊಡೆದು ಹರಡಿದ್ದವು. ಆ ಎಳೆ ನನಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕಾಫಿ ಎಲೆಯ ಅಡಿಯಲ್ಲಿ ಹಬ್ಬಿ, ಕೊಳೆತ ಎಲೆಯನ್ನು ಉದುರಲೂ ಬಿಡದೆ ಗಿಡಕ್ಕೆ ನೇತುಹಾಕುವ ಕೊಳೆರೋಗದ ಎಳೆ ಇದೇ ತರಹ ಇರುತ್ತದೆ. ವಿಜ್ಞಾನಿಗಳು ಆ ಶಿಲೀಂಧ್ರಕ್ಕೆ ಇಟ್ಟ ಹೆಸರಿನಲ್ಲೂ ‘ಕೊಳೆರೋಗ’ ಎಂಬ ನಮ್ಮ ಮಾತೇ ಇದೆ. ಜಾತಿ ಬೇರೆ ಇರಬಹುದು, ಬುದ್ಧಿ ಒಂದೇ: ಗಾಳಿಯಾಡದ ತೇವ ಸಿಕ್ಕರೆ ಬೆಳೆಯುತ್ತದೆ.

ಮೂವರೂ ಬರಿಗಣ್ಣಿನಲ್ಲಿ ನೋಡಿದೆವು. ಎಂಟು ಗಂಟೆಗೆ ಕಣಿವೆಯಿಂದ ಮಂಜು ಎದ್ದಿತು. ನಮ್ಮ ಜೀವಮಾನದಲ್ಲಿ ಅದು ಮತ್ತೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಕ್ಯಾಮೆರಾ ಲೆನ್ಸ್ ಬಿಚ್ಚಿ ಸರಿಮಾಡುವ ಒಬ್ಬರಿಗೆ ಕೊಟ್ಟೆ. ಬೂಷ್ಟು ಆಮ್ಲ ಬಿಡುತ್ತದೆ, ಗಾಜಿನ ಮೇಲಿನ ತೆಳು ಲೇಪನವನ್ನು ತಿನ್ನುತ್ತದೆ, ಬೂಷ್ಟನ್ನು ತೆಗೆಯಬಹುದು ಆದರೆ ತಿಂದ ಗುರುತು ಹೋಗುವುದಿಲ್ಲ ಎಂದು ತೋರಿಸಿಯೇ ಹೇಳಿದರು. ಕೊಂಡ ಬೆಲೆಯ ಮೂರರಲ್ಲಿ ಒಂದು ಪಾಲು ಖರ್ಚಾಯಿತು. ವಾಪಸು ಬಂದದ್ದು ಫೆಬ್ರವರಿ ಕೊನೆಗೆ. ದುಡ್ಡಿಗಿಂತ ಆ ನಾಲ್ಕು ತಿಂಗಳು ಹೋದದ್ದು ನನಗೆ ದೊಡ್ಡದು. ಅಪ್ಪನಿಗೆ ಎಷ್ಟು ಚಳಿಗಾಲ ಇದೆ ಎಂದು ಯಾರಿಗೆ ಗೊತ್ತು.

ಈಗ ನಿಮ್ಮ ಪ್ರಶ್ನೆ. ಕಪ್ಪು ಆಕಾಶ ಇದೆ ಎಂದು ಅದನ್ನೇ ದೊಡ್ಡ ಆಸ್ತಿ ಮಾಡಿಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಇದರಲ್ಲೇ ಇರುತ್ತದೆ. ಅದನ್ನು ಹಾಕಿಕೊಂಡು ಬೆಂಗಳೂರಿನ ತಾರಸಿಯಲ್ಲೂ ನೆಬ್ಯುಲಾ ತೆಗೆಯುತ್ತಾರೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರಿನ ದೂರದರ್ಶಕ ಕೂರಿಸಿದ್ದು ಅಲ್ಲಿ ಕತ್ತಲೆ ಇದೆ ಎಂದಷ್ಟೇ ಅಲ್ಲ, ಗಾಳಿ ಒಣಗಿದೆ ಎಂದೂ ಹೌದು. ನಮಗೆ ಕೊರತೆ ಇರುವುದು ಒಣ ಗಾಳಿಗೆ. ಹಾಗಾಗಿ ನೀವು ಕೇಳಬೇಕಾದದ್ದು, ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಇದು ಎಲ್ಲಿ ಮಲಗುತ್ತದೆ ಎಂದು. ಅದಕ್ಕೆ ಉತ್ತರ ಇಲ್ಲದಿದ್ದರೆ 30ನ್ನೂ ಕೊಳ್ಳಬೇಡಿ, 50ನ್ನೂ ಕೊಳ್ಳಬೇಡಿ.

ನಾನು ಈಗ ಮಾಡುವುದು ಇಷ್ಟು. ರಬ್ಬರ್ ಅಂಚಿರುವ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ. ಅದರಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ, ಪಕ್ಕದಲ್ಲಿ ತೇವಾಂಶ ತೋರಿಸುವ ಸಣ್ಣ ಮೀಟರ್. ಶೇಕಡಾ 40ರಿಂದ 50ರೊಳಗೆ ಇರಬೇಕು. 60 ದಾಟಿದರೆ ನಾನು ಕಾಯುವುದಿಲ್ಲ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದು ಹಸಿರಿಗೆ ತಿರುಗುತ್ತದೆ. ಆಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ತೆರೆದು ಹತ್ತು ನಿಮಿಷ ಚಾಲೂ ಮಾಡುತ್ತೇನೆ. ಬ್ಯಾಟರಿಯನ್ನು ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಫೋಮಿನ ಪೆಟ್ಟಿಗೆಯನ್ನು ಪ್ರಯಾಣಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಿ ಎನ್ನುವವರಿದ್ದಾರೆ. ಜುಲೈಯಲ್ಲಿ ಕಂಬ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಅದು ಬರೀ ಬೀರು. ಅಕ್ಕಿಯಲ್ಲಿ ಹೂತಿಡಿ ಎಂದರೆ ಕೇಳಬೇಡಿ, ಅದರ ಪುಡಿ ಇನ್ನೊಂದು ತೊಂದರೆ. ಬಿಸಿಲಿಗೆ ಇಡಿ ಎಂದು ನಮ್ಮ ಪಕ್ಕದ ತೋಟದವರೇ ಹೇಳಿದರು. ಅದಂತೂ ಬೇಡವೇ ಬೇಡ. ಸೋಲಾರ್ ಫಿಲ್ಟರ್ ಇಲ್ಲದೆ ಸೂರ್ಯ ಒಮ್ಮೆ ಲೆನ್ಸಿನೊಳಗೆ ಬಿದ್ದರೆ ಒಳಗಿನ ಸೆನ್ಸರ್ ಸುಟ್ಟುಹೋಗಬಹುದು.

ಚಳಿಗಾಲದಲ್ಲೂ ರಾತ್ರಿ ಮುಗಿದ ಮೇಲೆ ಒರೆಸಿ, ತೆರೆದೇ ಮೇಜಿನ ಮೇಲೆ ಫ್ಯಾನಿಗೆ ಇಟ್ಟು ಮಲಗಿ. ಬೆಳಿಗ್ಗೆ ಡಬ್ಬಕ್ಕೆ. ಎಷ್ಟೇ ನಿದ್ದೆ ಬಂದಿದ್ದರೂ.

ದುಡ್ಡು ದಂಡವೇ ಎಂದರೆ, ಖಂಡಿತ ಅಲ್ಲ. ನವೆಂಬರ್ ಕೊನೆಯಿಂದ ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯವರೆಗೆ ಏಳರಿಂದ ಹತ್ತೂವರೆಯೊಳಗೆ ಕೆಲಸ ಮುಗಿಸುವ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಗದ್ದೆ ಕಡೆಯಿಂದ ಮಂಜು ಬರುತ್ತದೆ. ಫೆಬ್ರವರಿಯಲ್ಲಿ ಒಂಬತ್ತು ಗಂಟೆಗೆ ದಕ್ಷಿಣಕ್ಕೆ ನೋಡಿದರೆ ಅಗಸ್ತ್ಯ ನಕ್ಷತ್ರ ಎದುರಿಗೇ ನಿಂತಿರುತ್ತದೆ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ ಋಷಿಯ ಹೆಸರಿನದು. ಅಪ್ಪ ಮೊದಲು ಅದನ್ನೇ ಹುಡುಕುತ್ತಾರೆ.

30ರದ್ದು ಸುಮಾರು ಎರಡು ಡಿಗ್ರಿ ಅಗಲ ನೋಡುತ್ತದೆ, 50ರದ್ದು ಒಂದೂಕಾಲು ಡಿಗ್ರಿ. ಮೂರು ಡಿಗ್ರಿ ಉದ್ದದ ಆಂಡ್ರೊಮಿಡಾ ಗೆಲಾಕ್ಸಿ ಎರಡರಲ್ಲೂ ಒಂದೇ ಚೌಕಟ್ಟಿಗೆ ಹಿಡಿಸುವುದಿಲ್ಲ, ಪಕ್ಕಪಕ್ಕದ ಚಿತ್ರಗಳನ್ನು ಜೋಡಿಸಿ ಮೊಸಾಯಿಕ್ ಮಾಡಬೇಕು. ಸಣ್ಣ ಗೆಲಾಕ್ಸಿ, ನಕ್ಷತ್ರಗುಚ್ಛ ಇಷ್ಟವಾದರೆ 50. ಹೊತ್ತುಕೊಂಡು ಮಾಂದಲಪಟ್ಟಿ ಬೆಟ್ಟದ ಕಡೆ ಹೋಗುವ ಆಸೆ ಇದ್ದರೆ 30. ಎರಡೂ ಒಳ್ಳೆಯವೇ. ಯಾವುದನ್ನು ಆರ್ಡರ್ ಮಾಡಿದರೂ ಡಬ್ಬ, ಜೆಲ್, ಮೀಟರ್ ಮೂರನ್ನೂ ಅದೇ ದಿನ ಆರ್ಡರ್ ಮಾಡಿ.