ಹೊಳೆದಂಡೆಯಲ್ಲಿ ಕುಳಿತರೂ ಮನಸ್ಸು ನಿಲ್ಲದಿದ್ದರೆ: ಸಂಪಾದಕರ ಉತ್ತರ

ಆತ್ಮೀಯರೇ,

ಬೆಳಗಿನ ಹೊತ್ತು ನೋಟ್‌ಬುಕ್ ಹಿಡಿದು ಊರಾಚೆಯ ಹೊಳೆದಂಡೆಗೆ ಹೋಗುತ್ತೀರಿ, ಆದರೆ ಅಲ್ಲಿ ಕುಳಿತೊಡನೆ ಚಿಂತೆಗಳೇ ಮುತ್ತಿಕೊಳ್ಳುತ್ತವೆ, ಕವಿತೆಯ ಒಂದು ಸಾಲೂ ಹುಟ್ಟುವುದಿಲ್ಲ ಎಂದು ಬರೆದಿದ್ದೀರಿ. ‘ಪ್ರಕೃತಿಯ ಮಡಿಲು ನನ್ನಂಥವರಿಗಲ್ಲವೇನೋ’ ಎಂಬ ನಿಮ್ಮ ಮಾತು ಮನಸ್ಸಿಗೆ ನಾಟಿತು. ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

ದಿನವಿಡೀ ಗದ್ದಲದಲ್ಲಿ ಅದುಮಿಟ್ಟ ಯೋಚನೆಗಳು ನಿಶ್ಶಬ್ದ ಸಿಕ್ಕಾಗ ತಲೆ ಎತ್ತುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಲೆಕ್ಕ ಮಾಡುವಾಗ, ವಾಹನ ಓಡಿಸುವಾಗ ನಾವು ಗಮನವನ್ನು ಬಲವಂತದಿಂದ ಹಿಡಿದಿಟ್ಟಿರುತ್ತೇವೆ, ಆ ಶಕ್ತಿ ದಣಿಯುತ್ತದೆ. ಎಲೆಯ ಅಲುಗಾಟ, ಹರಿಯುವ ನೀರು ಗಮನವನ್ನು ದುಡಿಸದೆ ಮೆಲ್ಲಗೆ ಸೆಳೆಯುತ್ತವೆ, ಆಗ ದಣಿದದ್ದು ಚೇತರಿಸಿಕೊಳ್ಳುತ್ತದೆ ಎಂದವರು ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ. ಸ್ಟೀಫನ್ ಕಪ್ಲಾನ್ ಜೊತೆಗಾರರೊಂದಿಗೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೇಟೆಯ ಬೀದಿಯಲ್ಲಿ ನಡೆದು ಬಂದಾಗಿಗಿಂತ ಮರಗಳ ನಡುವೆ ನಡೆದು ಬಂದಾಗ ಜನ ಅಂಕಿಗಳ ಸಾಲನ್ನು ಕೊನೆಯಿಂದ ಮೊದಲಿಗೆ ಹೇಳುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಚಳಿಗಾಲದಲ್ಲಿ ನಡೆದವರಿಗೆ ಆ ನಡಿಗೆ ಅಷ್ಟೇನೂ ಹಿತವೆನಿಸಿರಲಿಲ್ಲ, ಲಾಭ ಮಾತ್ರ ಅವರಿಗೂ ದಕ್ಕಿತ್ತು! ನಿಮಗೂ ಏನೋ ದಕ್ಕುತ್ತಿರಬಹುದು, ಅಲ್ಲಿ ಕುಳಿತಾಗಲೇ ಅದು ಗೊತ್ತಾಗಬೇಕೆಂದಿಲ್ಲ.

ನನಗನ್ನಿಸುವಂತೆ ನಿಮಗೆ ಅಡ್ಡಿಯಾಗಿರುವುದು ಆ ನೋಟ್‌ಬುಕ್. ಅದನ್ನು ತೆರೆದಿಟ್ಟ ಕೂಡಲೇ ಹೊಳೆದಂಡೆಯೂ ಕಚೇರಿಯಾಗಿಬಿಡುತ್ತದೆ. ಮನೆಯಲ್ಲೇ ಬಿಟ್ಟು ಹೋಗಿ. ನೀರಿನ ನಡುವಿನ ಒಂದು ಕಲ್ಲನ್ನು ನೋಡುತ್ತಾ ಕೂರಿ. ಕಲ್ಲಿಗೆ ತಾಗುವಲ್ಲಿ ನೀರು ತುಸು ಉಬ್ಬಿ ಎರಡಾಗಿ ಸೀಳುತ್ತದೆ, ಹಿಂಬದಿಯಲ್ಲಿ ಪುಟ್ಟ ಸುಳಿ. ತೇಲಿ ಬಂದ ಒಣ ಎಲೆ ಆ ಸುಳಿಯಲ್ಲಿ ಸುತ್ತಿ, ಮತ್ತೆ ಕಲ್ಲಿನತ್ತಲೇ ಸರಿದು, ಯಾವಾಗಲೋ ಅಂಚು ಸಿಕ್ಕಿ ಜಾರಿ ಹೋಗುತ್ತದೆ. ಚಿಂತೆ ಬಂದರೆ ಬರಲಿ, ಮುಂದಿನ ಎಲೆಯನ್ನು ನೋಡಿ.

ಇನ್ನು ಸ್ಫೂರ್ತಿ. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಹಿಡಿದ ಕೆಲಸ ಕೈಗೂಡದೆ ಬೇಸತ್ತು ಕೆಲವು ದಿನ ಕಡಲತೀರಕ್ಕೆ ಹೋದರು, ಬೇರೇನನ್ನೋ ಯೋಚಿಸುತ್ತಿದ್ದರು. ಒಂದು ಬೆಳಗ್ಗೆ ಕಡಲಂಚಿನ ದಿಬ್ಬದಲ್ಲಿ ನಡೆಯುತ್ತಿದ್ದಾಗ ತಟ್ಟನೆ ಉತ್ತರ ಹೊಳೆಯಿತು. ಆದರೆ ಮುಂಚೆ ದಿನಗಟ್ಟಲೆ ಹೆಣಗದಿದ್ದರೆ ಹಾಗೆ ಹೊಳೆಯುವುದಿಲ್ಲ ಎಂದೂ ಅವರೇ ಹೇಳಿದ್ದಾರೆ. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ಹೊಳೆಗೆ ಹೋಗುವ ಹಿಂದಿನ ಸಂಜೆ ಮೇಜಿನ ಮುಂದೆ ಕುಳಿತು ಆ ಕವಿತೆಯೊಂದಿಗೆ ಗುದ್ದಾಡಿ, ಕೆಟ್ಟ ಸಾಲುಗಳನ್ನೇ ಬರೆಯಿರಿ, ಹೊಡೆದುಹಾಕಿ. ಆಮೇಲೆ ದಂಡೆಗೆ ಹೋಗಿ ಅದನ್ನು ಮರೆಯಿರಿ.

ಜಾಗ ಬದಲಿಸಲೇ ಎಂದೂ ಕೇಳಿದ್ದೀರಿ. ಬೇಡ. ಹೊಸ ಜಾಗದಲ್ಲಿ ಕಣ್ಣು ಎಲ್ಲವನ್ನೂ ಒಮ್ಮೆಲೇ ನೋಡಲು ಹವಣಿಸುತ್ತದೆ, ಪರಿಚಿತ ಜಾಗದಲ್ಲಿ ನಿಧಾನಿಸುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಮಾತ್ರ ದಂಡೆಯಿಂದ ದೂರ, ಎತ್ತರದಲ್ಲಿ ಕುಳಿತುಕೊಳ್ಳಿ. ಕವಿತೆ ಮುಗಿದ ದಿನ ನಮಗೂ ಕಳುಹಿಸಿ.

– ಸಂ.