ಮೂರು ವರ್ಷಕ್ಕೆಂದು ಬಂದ ಕಾನೂನು

ಮಾನ್ಯರೇ,

ರಷ್ಯಾದ ಕೊನೆಯ ಜಾರ್ ದೊರೆಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತಾವು ಮೂರು ಆಕ್ಷೇಪಗಳನ್ನು ಬರೆದಿದ್ದೀರಿ. ತಂದೆಯನ್ನು ಬಾಂಬೆಸೆದು ಕೊಂದ ನಾಡಿನಲ್ಲಿ ಮೂರನೆಯ ಅಲೆಕ್ಸಾಂಡರ್ ಬಿಗಿಯಾಗಿ ಆಳಿದ್ದನ್ನು ‘ದಮನ’ ಎನ್ನುವುದು ಅನ್ಯಾಯ, 1881ರ ಭದ್ರತಾ ಕಾನೂನು ತಾತ್ಕಾಲಿಕವಾದದ್ದು, ಮತ್ತು ಅದು ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸಿತ್ತೆಂಬ ಮಾತು ತಪ್ಪು ಎಂಬುದು ತಮ್ಮ ವಾದ. ಮೂರನೆಯದು ಸರಿ. ಆರಂಭದಲ್ಲಿ ಆ ಕಾನೂನನ್ನು ಪೀಟರ್ಸ್‌ಬರ್ಗ್, ಮಾಸ್ಕೋ, ಕೀವ್, ಖಾರ್ಕೋವ್ ಸೇರಿದಂತೆ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ ಜಾರಿಗೆ ತರಲಾಯಿತು, ತಪ್ಪಿಗಾಗಿ ವಿಷಾದಿಸುತ್ತೇವೆ. ಉಳಿದೆರಡನ್ನು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ.

ತಾರೀಖುಗಳನ್ನು ಗಮನಿಸಬೇಕೆಂದು ವಿನಂತಿ. ಅಂದಿನ ರಷ್ಯನ್ ಪಂಚಾಂಗದಂತೆ ತಂದೆ ಎರಡನೆಯ ಅಲೆಕ್ಸಾಂಡರನ ಕೊಲೆ ನಡೆದದ್ದು 1881ರ ಮಾರ್ಚ್ 1ರಂದು. ಕೊಲೆಯ ಸಂಚಿನಲ್ಲಿದ್ದ ಕ್ರಾಂತಿಕಾರಿಗಳಾದ ಸೋಫಿಯಾ ಪೆರೋವ್ಸ್ಕಾಯಾ, ಝೆಲ್ಯಾಬೊವ್ ಮೊದಲಾದ ಐವರನ್ನು ವಿಚಾರಣೆ ಮುಗಿಸಿ ಏಪ್ರಿಲ್ 3ರಂದು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ತಾವು ಸಮರ್ಥಿಸುವ ಕಾನೂನು ಹೊರಬಿದ್ದದ್ದು ಆಗಸ್ಟ್ 14ರಂದು, ಅಂದರೆ ಕೊಲೆಗಾರರು ಶಿಕ್ಷೆ ಅನುಭವಿಸಿ ನಾಲ್ಕು ತಿಂಗಳು ಕಳೆದ ಮೇಲೆ. ಅವರನ್ನು ದಂಡಿಸಲು ಇದ್ದ ಕಾನೂನೇ ಸಾಕಾಗಿತ್ತು. ಹೊಸದು ಬೇಕಾದದ್ದು ಏನೂ ಮಾಡದವರನ್ನು ಹಿಡಿಯುವುದಕ್ಕೆ.

ಈ ಮಾತು ಕಟುವೆನಿಸಬಹುದು. ಆದರೆ ಕಾನೂನಿನ ಅಂಶಗಳೇ ಹೀಗಿವೆ. ‘ಬಿಗಿ ಭದ್ರತೆ’ ಘೋಷಿತವಾದ ಪ್ರಾಂತ್ಯದಲ್ಲಿ ಗವರ್ನರನು ತಾನೇ ಕಟ್ಟಳೆ ಹೊರಡಿಸಿ, ಅದನ್ನು ಮೀರಿದವರಿಗೆ ನ್ಯಾಯಾಲಯದ ಗೊಡವೆಯಿಲ್ಲದೆ ಮೂರು ತಿಂಗಳ ಸೆರೆ ಅಥವಾ 500 ರೂಬಲ್ ದಂಡ ವಿಧಿಸಬಹುದಾಗಿತ್ತು. ಮನೆಯೊಳಗಿನ ಖಾಸಗಿ ಕೂಟವನ್ನೂ ನಿಷೇಧಿಸಬಹುದಾಗಿತ್ತು, ಅಂಗಡಿ ಕಾರ್ಖಾನೆಗಳನ್ನು ಮುಚ್ಚಿಸಬಹುದಾಗಿತ್ತು, ಬೇಡವಾದವನನ್ನು ಊರಿನಿಂದಲೇ ಹೊರಗಟ್ಟಬಹುದಾಗಿತ್ತು. ಇನ್ನು ಗಡೀಪಾರಿನ ವಿಷಯ: ಗೃಹಖಾತೆಯ ಇಬ್ಬರು ಮತ್ತು ನ್ಯಾಯಖಾತೆಯ ಇಬ್ಬರು ಅಧಿಕಾರಿಗಳು ಉಪ ಗೃಹಮಂತ್ರಿಯ ಅಧ್ಯಕ್ಷತೆಯಲ್ಲಿ ಕುಳಿತು ಕಡತ ನೋಡಿ, ಒಬ್ಬ ಮನುಷ್ಯನನ್ನು ಐದು ವರ್ಷದವರೆಗೆ ದೂರದ ಪ್ರದೇಶಕ್ಕೆ ಕಳಿಸಿಬಿಡಬಹುದಾಗಿತ್ತು. ಅಲ್ಲಿ ಆರೋಪಪಟ್ಟಿ ಓದುವ ಕ್ರಮವಿರಲಿಲ್ಲ, ವಕೀಲರಿರಲಿಲ್ಲ. ಅಪರಾಧ ಮಾಡಿದ್ದಾನೆ ಎಂದಲ್ಲ, ಮಾಡಬಹುದಾದವನು ಎಂಬ ಪೊಲೀಸರ ಅಭಿಪ್ರಾಯವೇ ಸಾಕಾಗುತ್ತಿತ್ತು. ಇದನ್ನು ದಮನವೆನ್ನದೆ ಬೇರೆ ಯಾವ ಹೆಸರಿನಿಂದ ಕರೆಯಬೇಕೋ ನಮಗೆ ತಿಳಿಯದು.

ತಾತ್ಕಾಲಿಕ ಎಂಬ ಮಾತಿಗೆ ಬರೋಣ. ಕಾನೂನಿನ ಅವಧಿ ಮೂರು ವರ್ಷ ಎಂದು ಬರೆದಿದ್ದದ್ದು ನಿಜ. ಆದರೆ ಅವಧಿ ಮುಗಿದಾಗಲೆಲ್ಲ ಅದನ್ನು ಮುಂದುವರಿಸುತ್ತ ಹೋಗಿ, ಅದು ಮೂರನೆಯ ಅಲೆಕ್ಸಾಂಡರನ ಕಾಲವನ್ನು ದಾಟಿ, ಅವನ ಮಗ ಎರಡನೆಯ ನಿಕೊಲಾಸನ ಕಾಲದಲ್ಲೂ ಮುಂದುವರಿದು, 1917ರಲ್ಲಿ ಸಿಂಹಾಸನವೇ ಉರುಳುವವರೆಗೆ ಉಳಿಯಿತು. ಮೂವತ್ತೈದು ವರ್ಷಕ್ಕೂ ಮೀರಿ ಬಾಳಿದ್ದನ್ನು ತಾತ್ಕಾಲಿಕವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಇದೇ ಕಾಲದಲ್ಲಿ, 1887ರಲ್ಲಿ, ಗಾಡಿ ಹೊಡೆಯುವವರ, ಅಡುಗೆಯವರ, ಬಟ್ಟೆ ಒಗೆಯುವವರ ಮಕ್ಕಳನ್ನು ಪ್ರೌಢಶಾಲೆಗಳಿಂದ ದೂರವಿಡುವಂತೆ ಶಿಕ್ಷಣಮಂತ್ರಿ ಡೆಲ್ಯಾನೊವ್ ಸುತ್ತೋಲೆ ಹೊರಡಿಸಿದನು. ಬಾಂಬಿಗೂ ಅಗಸಗಿತ್ತಿಯ ಮಗುವಿಗೂ ಏನು ಸಂಬಂಧ?

ಕ್ರಾಂತಿಕಾರಿಗಳ ಹಿಂಸೆಯನ್ನು ನಾವು ಹಗುರ ಮಾಡುತ್ತಿಲ್ಲ. 1906ರ ಆಗಸ್ಟಿನಲ್ಲಿ ಪ್ರಧಾನಿ ಸ್ತೊಲಿಪಿನ್‌ನ ಮನೆಯನ್ನು ಸ್ಫೋಟಿಸಿದಾಗ ಹಲವರು ಸತ್ತರು, ಅವನ ಮಕ್ಕಳೂ ಗಾಯಗೊಂಡರು. ಒಂದೇ ವಾರದಲ್ಲಿ ಸೇನಾ ತುರ್ತು ನ್ಯಾಯಾಲಯಗಳು ಬಂದವು. ಎರಡು ದಿನದೊಳಗೆ ವಿಚಾರಣೆ ಮುಗಿಸಿ, ಮರುದಿನವೇ ಗಲ್ಲಿಗೇರಿಸಿ, ಎಂಟು ತಿಂಗಳಲ್ಲಿ ನೂರಾರು ಜನರ ಪ್ರಾಣ ತೆಗೆದವು. ಇಷ್ಟಾದರೂ 1911ರಲ್ಲಿ ಕೀವ್‌ನ ರಂಗಮಂದಿರದಲ್ಲಿ ಸ್ತೊಲಿಪಿನ್‌ನನ್ನು ಗುಂಡಿಟ್ಟು ಕೊಂದವನು ಗುಪ್ತ ಪೊಲೀಸರಿಗೇ ಮಾಹಿತಿ ಕೊಡುತ್ತಿದ್ದ ಬೊಗ್ರೊವ್. ಒಳಹೋಗಲು ಅವನಿಗೆ ಟಿಕೆಟ್ ಕೊಟ್ಟದ್ದೂ ಅದೇ ಪೊಲೀಸರು.

ಮೂರನೆಯ ಅಲೆಕ್ಸಾಂಡರನಿಗೆ ಬೇರೆ ದಾರಿ ಏನಿತ್ತೆಂದು ತಾವು ಕೇಳಿದ್ದೀರಿ. ದಾರಿ ಅವನ ಮೇಜಿನ ಮೇಲೇ ಇತ್ತು. ಸ್ಥಳೀಯ ಸಭೆಗಳಿಂದ ಆಯ್ಕೆಯಾದವರನ್ನು ಕಾನೂನು ರಚನೆಯ ಸಮಾಲೋಚನೆಗೆ ಕರೆಯಬೇಕೆಂಬ ಮಂತ್ರಿ ಲೋರಿಸ್-ಮೆಲಿಕೊವ್‌ನ ಸಲಹೆಗೆ ತಂದೆ ಒಪ್ಪಿಗೆ ಕೊಟ್ಟದ್ದು ತಾನು ಸಾಯುವ ದಿನದ ಬೆಳಿಗ್ಗೆ. ಮಗನು ತನ್ನ ಹಳೆಯ ಗುರು ಪೊಬೆದೊನೊಸ್ತ್ಸೆವ್‌ನ ಮಾತು ಕೇಳಿ ಅದನ್ನು ಬದಿಗಿಟ್ಟು, ಏಪ್ರಿಲ್ 29ರಂದು ನಿರಂಕುಶ ಪ್ರಭುತ್ವವನ್ನು ಕಾಪಾಡುವೆನೆಂಬ ಘೋಷಣೆ ಹೊರಡಿಸಿದನು. ಅದಾದ ಕೆಲವೇ ದಿನಗಳಲ್ಲಿ ಲೋರಿಸ್-ಮೆಲಿಕೊವ್ ರಾಜೀನಾಮೆ ಕೊಟ್ಟನು.

— ಸಂಪಾದಕ